ಗಾಳಿ ಕರೆಂಟಿನ ಮನೆ

ಕೆಲಸ ಕಳೆದುಕೊಂಡ ಗಂಡಸನ್ನು ಹಗಲುಹೊತ್ತು ಮನೆಯಲ್ಲಿ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ದುಃಖದಲ್ಲಿ ಏನಾದರೂ ಮಾಡಿಕೊಂಡಾನು ಎಂದಲ್ಲ. ಹೊತ್ತು ಹೋಗದೆ ಮನೆಯನ್ನು ಸುಧಾರಿಸಲು ಹೊರಡುತ್ತಾನೆ. ಬ್ಯಾಂಕುಗಳು ಒಂದರ ಹಿಂದೊಂದು ಮಗುಚಿಕೊಂಡ ಆ ಕಾಲದಲ್ಲಿ, ಮ್ಯಾನ್‌ಹಟನ್‌ನಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಬ್ಯಾಂಕೂ ಮಗುಚಿತು. ಮನೆ ಹತ್ತಿರದ ಪ್ರಿನ್ಸ್‌ಟನ್ ಜಂಕ್ಷನ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸುವ ಪರ್ಮಿಟ್ಟಿಗಾಗಿ ವರ್ಷಗಟ್ಟಲೆ ಕಾದಿದ್ದೆ. ಅದು ಕೈಗೆ ಸಿಗುವ ಹೊತ್ತಿಗೆ ರೈಲು ಹತ್ತಿ ಹೋಗಲು ಆಫೀಸೇ ಇರಲಿಲ್ಲ. ಹೆಂಡತಿ ಸುಧಾ ಆಸ್ಪತ್ರೆಯ ಲ್ಯಾಬಿಗೆ ಹೊರಟರೆ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರಿನ ನಮ್ಮ ಮನೆಯಲ್ಲಿ ಉಳಿಯುತ್ತಿದ್ದವರು ನಾನು, ಅಮ್ಮ ಮತ್ತು ಅಮ್ಮನ ಆಕ್ಸಿಜನ್ ಮಷೀನು. ಮೂವರಲ್ಲಿ ಕೆಲಸವಿದ್ದದ್ದು ಮಷೀನಿಗೆ ಮಾತ್ರ. ಕೋಣೆಯ ಗಾಳಿಯನ್ನು ಎಳೆದು, ಸೋಸಿ, ಕೊಳವೆಯಲ್ಲಿ ಅಮ್ಮನ ಮೂಗಿಗೆ ಕಳಿಸುತ್ತಿತ್ತು. ಸೋತ ಶ್ವಾಸಕೋಶದ ಅಮ್ಮ ಅದಿಲ್ಲದೆ ಉಳಿಯುವಂತಿರಲಿಲ್ಲ, ಕರೆಂಟಿಲ್ಲದೆ ಅದು ನಡೆಯುವಂತಿರಲಿಲ್ಲ.

ಇಂಥ ಮನೆಯಲ್ಲಿ ನಾನು ಕೈ ಹಾಕಿದ್ದು ಕರೆಂಟಿಗೇ. ನ್ಯೂಜೆರ್ಸಿಯಲ್ಲಿ ತಂತಿ ಒಂದು ಕಂಪನಿಯದಾದರೆ ಅದರಲ್ಲಿ ಹರಿಯುವ ಕರೆಂಟನ್ನು ಇನ್ನೊಬ್ಬರಿಂದ ಕೊಳ್ಳಬಹುದು. ಗಾಳಿಯಂತ್ರದವರಿಂದ ಕೊಂಡರೆ ಭೂಮಿಗೆ ಒಳ್ಳೆಯದೆಂದು ಎಲ್ಲೋ ಓದಿದೆ. ನಿಜ ಹೇಳಬೇಕೆಂದರೆ ಭೂಮಿಗಿಂತ ನನಗೆ ಒಳ್ಳೆಯದಾಗಬೇಕಿತ್ತು. ಬ್ಯಾಂಕು ನನ್ನನ್ನು ಕೇಳದೆ ಮುಳುಗಿತು, ಮಗಳು ನನ್ನನ್ನು ಕೇಳದೆ ಕಾಲೇಜಿನಲ್ಲಿ ಕೋರ್ಸ್ ಬದಲಿಸಿದಳು. ಕರೆಂಟಾದರೂ ನನ್ನ ಮಾತು ಕೇಳಲಿ ಎನಿಸಿತ್ತು.

"ಗಾಳಿ ಬೀಸದೇ ಇದ್ರೆ ನನ್ನ ಉಸಿರಿಗೇನೋ ಗತಿ?" ಎಂದಳು ಅಮ್ಮ. ಮೈಸೂರಿನ ಲೋಡ್ ಶೆಡ್ಡಿಂಗ್‌ನಲ್ಲಿ ಅರ್ಧ ಆಯುಷ್ಯ ಕಳೆದವಳು. ಎಲ್ಲರ ಕರೆಂಟೂ ಒಂದೇ ಕೆರೆಯ ನೀರಿನಂತೆ ಬೆರೆತಿರುತ್ತದೆ, ನಮ್ಮ ದುಡ್ಡು ಮಾತ್ರ ಗಾಳಿಯವರಿಗೆ ಹೋಗುತ್ತದೆ ಎಂದು ವಿವರಿಸಿದೆ.

"ಅಂದ್ರೆ ಬರೋದು ಅದೇ ಕರೆಂಟು. ಮತ್ತೆ ನೀನು ಬದಲಾಯಿಸ್ತಿರೋದು ಏನು?"

ಮತ್ತೆ ವಿವರಿಸಿದೆ. ಮಧ್ಯಾಹ್ನ ಅವಳು ಮಲಗಿ ಎದ್ದ ಮೇಲೂ ವಿವರಿಸಿದೆ. ಕೊನೆಗೆ ಸುಸ್ತಾಗಿ, "ಆಷಾಢದಲ್ಲಿ ಬೇಡಪ್ಪ, ಶ್ರಾವಣ ಬರ್ಲಿ" ಎಂದಳು. ಶ್ರಾವಣದ ಒಂದು ಶುಕ್ರವಾರ, ಕಳೆಯಬೇಕಾದ್ದು ಮೈಸೂರಿನ ರಾಹುಕಾಲವೋ ನ್ಯೂಜೆರ್ಸಿಯದೋ ತಿಳಿಯದೆ ಎರಡನ್ನೂ ಕಳೆದು ಫೋನ್ ಮಾಡಿ ಗಾಳಿ ಕರೆಂಟಿಗೆ ಬದಲಾಯಿಸಿಕೊಂಡೆ. ಅಂದಿನಿಂದ ಅಮ್ಮನ ಮಂಚದ ಪಕ್ಕದಲ್ಲಿ ಮೇಣದಬತ್ತಿ, ಬೆಂಕಿಪೊಟ್ಟಣ, ಬಚ್ಚಲಲ್ಲಿ ತುಂಬಿದ ಬಕೆಟ್ ಕಾಣಿಸಿಕೊಂಡವು. ಆಕ್ಸಿಜನ್ ಹತ್ತಿರ ಬೆಂಕಿ ಕೂಡದೆಂದು ಸುಧಾ ಮೇಣದಬತ್ತಿ ಕಿತ್ತುಕೊಂಡು ಟಾರ್ಚ್ ಕೊಟ್ಟಳು. ಕಿಟಕಿಯಾಚೆಯ ಮೇಪಲ್ ಮರದ ಎಲೆ ಅಲ್ಲಾಡದ ದಿನ ಅಮ್ಮ ಮರವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡುತ್ತಿದ್ದಳು.

ಕರೆಂಟು ಹೋದದ್ದು ಗಾಳಿ ಇಲ್ಲದೆ ಅಲ್ಲ, ಗಾಳಿ ಅತಿಯಾಗಿ. ಚಳಿಗಾಲ ಮುಗಿಯುತ್ತ ಬಂದಿದ್ದಾಗ ಮಳೆಯೊಡನೆ ಬಿರುಗಾಳಿ ಎದ್ದು, ಬೀದಿಯ ದೊಡ್ಡ ಮರ ತಂತಿಯ ಸಮೇತ ರಸ್ತೆಗೆ ಅಡ್ಡ ಬಿತ್ತು. ಮಷೀನು ಒಮ್ಮೆ ಕಿರುಚಿ ಸುಮ್ಮನಾಯಿತು. ಸುಧಾ ಲ್ಯಾಬಿನಲ್ಲಿದ್ದಳು. ತುರ್ತಿಗೆಂದು ಇಟ್ಟಿದ್ದ ಸಿಲಿಂಡರಿಗೆ ಕೊಳವೆ ಸಿಕ್ಕಿಸಿ ಆಂಬುಲೆನ್ಸಿಗೆ ಫೋನ್ ಮಾಡಿದೆ. ಮರ ಕಡಿದು ದಾರಿ ಮಾಡಿಕೊಂಡು ಬರಬೇಕು, ಹೊತ್ತಾಗುತ್ತದೆ ಎಂದರು. ಬುದ್ಧಿ ಕೆಟ್ಟು ಗಾಳಿಯವರಿಗೂ ಫೋನ್ ಮಾಡಿದೆ. ತಂತಿ ತಮ್ಮದಲ್ಲ ಎಂದು ಫೋನ್ ಎತ್ತಿದಾಕೆ ಬಹಳ ನಯವಾಗಿ ಹೇಳಿ, ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿದಳು. ಸಿಲಿಂಡರಿನ ಮುಳ್ಳು ಸೊನ್ನೆಯ ಹತ್ತಿರ ಇಳಿದಿತ್ತು, ಅಮ್ಮನ ತುಟಿ ನೀಲಿಗೆ ತಿರುಗುತ್ತಿತ್ತು. ಅಂಥ ಭಯ ನನಗೆ ಕೆಲಸ ಹೋದ ದಿನವೂ ಆಗಿರಲಿಲ್ಲ.

ಪಕ್ಕದ ಮನೆಯ ಫ್ರ್ಯಾಂಕ್‌ನ ಅಂಗಳದಲ್ಲಿ ಪೆಟ್ರೋಲ್ ಜನರೇಟರ್ ಗುಡುಗುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಅವನೇ ಕರೆದ ಬಾರ್ಬೆಕ್ಯೂಗೆ ಹೋಗಿ, ಅವನೇ ಸುಟ್ಟುಕೊಟ್ಟ ಜೋಳ ತಿನ್ನುತ್ತ, ಆ ಜನರೇಟರಿನಿಂದ ಪ್ರಪಂಚಕ್ಕಾಗುವ ಹಾನಿಯನ್ನು ಅವನಿಗೆ ವಿವರಿಸಿದ್ದೆ. ಈಗ ಮಳೆಯಲ್ಲಿ ನೆನೆದು ಅವನ ಬಾಗಿಲು ತಟ್ಟಿ, "ಮೈ ಮದರ್" ಎಂದೆ. ಜನರೇಟರಿನತ್ತ ಕೈ ತೋರಿಸಿದೆ.

"ಯುವರ್ ಮಾಮ್ ಫಸ್ಟ್," ಎಂದ. ತನ್ನ ಬೇಸ್‌ಮೆಂಟಿಗೆ ಜಿನುಗುತ್ತಿದ್ದ ನೀರನ್ನು ಹೊರಹಾಕುತ್ತಿದ್ದ ಪಂಪಿನ ಪ್ಲಗ್ ಕಿತ್ತು, ಜನರೇಟರಿನಿಂದ ಬಂದ ವೈರನ್ನು ಎಳೆತಂದು ನಮ್ಮ ಕಿಟಕಿಯೊಳಗೆ ತೂರಿಸಿದ. ಅವನ ಜನರೇಟರು ಎರಡನ್ನೂ ತಾಳುವಷ್ಟು ದೊಡ್ಡದಾಗಿರಲಿಲ್ಲ. ನಮ್ಮ ಮನೆಯಲ್ಲಿ ಮಷೀನು ನಡೆಯಿತು, ಅವನ ಬೇಸ್‌ಮೆಂಟಿನಲ್ಲಿ ನೀರು ಏರಿತು. ಅಮ್ಮನ ತುಟಿಗೆ ಬಣ್ಣ ಬಂದ ಮೇಲೆ, ಆಂಬುಲೆನ್ಸಿಗೆ ಇನ್ನು ಬೇಡವೆಂದು ತಿಳಿಸಿ, ಅವಳು ತುಂಬಿಸಿಟ್ಟಿದ್ದ ಬಕೆಟ್ ಖಾಲಿ ಮಾಡಿಕೊಂಡು ಹೋಗಿ ಸಂಜೆಯವರೆಗೆ ಅವನ ಜೊತೆ ನೀರು ಮೊಗೆದೆ. ಮಧ್ಯೆ ಮಧ್ಯೆ ಓಡಿ ಬಂದು ಅಮ್ಮನ ಎದೆ ಏರಿಳಿಯುವುದನ್ನು ನೋಡಿ ಹೋಗುತ್ತಿದ್ದೆ. ಫ್ರ್ಯಾಂಕ್‌ನ ಕಾರ್ಪೆಟ್ಟು ಹಾಳಾಯಿತು. ಜನರೇಟರಿನ ಹೊಗೆ ಕುಡಿದು ನನ್ನ ಕಣ್ಣು ಉರಿಯುತ್ತಿತ್ತು. ಆ ಹೊಗೆ ನಿಲ್ಲದಿರಲಿ ಎಂದು ಮನೆದೇವರಿಗೆ ಹರಸಿಕೊಂಡೆ.

ಕರೆಂಟು ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಗಾಳಿಯವರಿಗೆ ಫೋನ್. ಅವರದು ತಪ್ಪಿಲ್ಲವೆಂದು ನನಗೂ ಗೊತ್ತು. ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು.

"ಯಾರಿಗೋ ಫೋನು?" ಎಂದಳು ಅಮ್ಮ.

"ಗಾಳಿ ಕರೆಂಟಿನವರಿಗೆ. ಕ್ಯಾನ್ಸಲ್ ಮಾಡಿಸ್ತೀನಿ."

"ಮರ ಬಿದ್ರೆ ಅವರೇನೋ ಮಾಡ್ತಾರೆ? ಸುಮ್ನೆ ಇಡು ಕೆಳಗೆ." ಮೂಗಿನ ಕೊಳವೆ ಸರಿಮಾಡಿಕೊಂಡು, ಒಂದಿಷ್ಟು ಉಸಿರು ಕೂಡಿಸಿಕೊಂಡು ಹೇಳಿದಳು: "ಅವರ ಕೆಲ್ಸಾನೂ ಹೋದ್ರೆ, ಅವರೂ ಮನೇಲಿ ಕೂತು ಅವರಮ್ಮನ ಪ್ರಾಣ ತಿಂತಾರೆ."