ಅತ್ತೆಯ ಮೂಗು ಮತ್ತು ಆನಗೋಡಿನ ಹಲಸು

ಮೇ ೧೮, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಬೆರಳಿನ ಹಲಸಿನ ಅಂಟು ಇನ್ನೂ ಬಿಟ್ಟಿಲ್ಲ, ಪುಟ ತಿರುಗಿಸಿದರೆ ಎರಡೆರಡು ಬರುತ್ತಿವೆ. ಆದರೂ ಇವತ್ತೇ ಬರೆಯಬೇಕು.

ನನ್ನ ಸೋದರತ್ತೆ ಹಣ್ಣಿನ ವಿಷಯದಲ್ಲಿ ದೇವರನ್ನೂ ಬಿಟ್ಟವರಲ್ಲ. ನೈವೇದ್ಯದ ಬಾಳೆಹಣ್ಣನ್ನೂ ಮೂಸಿ ನೋಡಿಯೇ ಇಡುತ್ತಾರೆ!

“ಮೂಸಿದ್ದು ದೇವ್ರಿಗೆ ಬರಲ್ಲ ಅಕ್ಕಾ” ಎಂದು ಅವರ ತಮ್ಮ, ಅಂದರೆ ನಮ್ಮಪ್ಪ, ಗೊಣಗುತ್ತಾರೆ.

“ಕಾಯಿ ಇಟ್ರೆ ದೇವ್ರು ಉಪವಾಸ ಕೂರ್ಬೇಕೇನು?”

ಅತ್ತೆ ಇರುವುದು ಹರಿಹರದಲ್ಲಿ. ಪ್ರತಿ ಭಾನುವಾರ ಬಸ್ಸಿನಲ್ಲಿ ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಬರುತ್ತಾರೆ. ಚೀಲದಲ್ಲಿ ಬಟ್ಟೆ ಸುತ್ತಿದ ಒಂದು ಚಾಕು, ಒಂದು ಸಣ್ಣ ಶೀಶೆ ಕೊಬ್ಬರಿ ಎಣ್ಣೆ. ಆ ಚಾಕು ಹಣ್ಣಿಗೆ ಮಾತ್ರ. ಈರುಳ್ಳಿ ಇರುವ ಬುಟ್ಟಿಯ ಪಕ್ಕ ಇಟ್ಟರೂ ಮೈಲಿಗೆ! ಕೊಯ್ಯುವ ಮುಂಚೆ ಚಾಕುವನ್ನು ಮೂಸುತ್ತಾರೆ, ಆಮೇಲೆ ಹಣ್ಣಿನ ತೊಟ್ಟನ್ನು. ಕಣ್ಣು ಮುಚ್ಚಿ ಘೋಷಿಸುತ್ತಾರೆ: “ಈ ಪಪ್ಪಾಯಿ ನಾಳೆ ಸಂಜೆ ನಾಲ್ಕಕ್ಕೆ.”

“ಯಾವ ಪ್ಲಾಟ್‌ಫಾರಂಗೆ ಅಕ್ಕಾ?”

ಅಪ್ಪ ಎಷ್ಟೇ ಗೇಲಿ ಮಾಡಲಿ, ಪಪ್ಪಾಯಿ ಸರಿಯಾದ ವೇಳೆಗೇ ಬರುತ್ತಿತ್ತು. ನನ್ನ ನೋಟ್‌ಬುಕ್ಕೇ ಸಾಕ್ಷಿ: ಹೋದ ವರ್ಷ ಅತ್ತೆ ಹೇಳಿದ ನಲವತ್ಮೂರು ಭವಿಷ್ಯಗಳಲ್ಲಿ ನಲವತ್ತೊಂದು ನಿಜವಾದವು. ಉಳಿದೆರಡರಲ್ಲಿ ಒಂದನ್ನು ಅವರು ಇನ್ನೂ ಒಪ್ಪಿಲ್ಲ. “ನೀವು ಫ್ರಿಜ್ನಾಗೆ ಇಟ್ರಿ. ಅದು ಹಣ್ಣಿನ ತಪ್ಪಾ, ನನ್ನ ತಪ್ಪಾ?”

ಕೆ.ಬಿ. ಬಡಾವಣೆಯಲ್ಲಿ ಹಣ್ಣಿನ ಗಾಡಿಯವನೊಬ್ಬ ಒಮ್ಮೆ ಕೈಮುಗಿದುಬಿಟ್ಟ. “ಅಮ್ಮಾರೆ, ತಗೊಳ್ಳಾದಾದ್ರೆ ತಗೊಳ್ರಿ. ಹಿಂಗೆ ಎಲ್ಲಾನೂ ಮೂಸಿದ್ರೆ ಹಣ್ಣು ನಾಚ್ಕೊಂತಾವೆ!”

ಮಾರ್ಚ್‌ನಲ್ಲಿ ಅತ್ತೆಗೆ ನೆಗಡಿ, ಜ್ವರ. ಎರಡು ಭಾನುವಾರ ಬರಲಿಲ್ಲ. ಮೂರನೆಯದಕ್ಕೆ ಬಂದು ಕೊಯ್ದ ಅನಾನಸ್ ಹುಣಸೆಯಂತಿತ್ತು. ಮುಂದಿನ ವಾರದ ಪಪ್ಪಾಯಿ ಒಳಗೆ ಕೊಳೆತಿತ್ತು. ಜ್ವರದ ನಂತರ ಹೇಳಿದ ಒಂಬತ್ತರಲ್ಲಿ ಆರು ತಪ್ಪು.

“ಅಕ್ಕಾ, ಮೂಗಿನ ವಾರಂಟಿ ಮುಗೀತೇನು?” ಎಂದರು ಅಪ್ಪ. ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು, ಸ್ವಲ್ಪ ತಡವಾಗಿ.

ಮೇ ೪ರಂದು ನಾನೊಂದು ಮಹಾಪರಾಧ ಮಾಡಿದೆ. ಅವಸರದಲ್ಲಿ ಅವರ ಚಾಕುವಿನಿಂದಲೇ ಈರುಳ್ಳಿ ಹೆಚ್ಚಿ, ಒರೆಸಿ ಇಟ್ಟುಬಿಟ್ಟೆ. ಅತ್ತೆ ಎಂದಿನಂತೆ ಚಾಕು ಮೂಸಿದರು.

“ಸರಿ ಐತೆ” ಎಂದು ನಾಲ್ಕು ಬಾದಾಮಿ ಮಾವು ಕೊಯ್ದರು.

ಅಪ್ಪ ಒಂದು ಹೋಳು ಬಾಯಿಗಿಟ್ಟು, “ಇದೇನಕ್ಕಾ, ಮಾವಿನಹಣ್ಣೋ ಈರುಳ್ಳಿ ಬಜಿಯೋ!” ಎಂದರು. ಅತ್ತೆಯೂ ಒಂದು ತಿಂದು, ನಿಧಾನವಾಗಿ ಅಗಿದು, “ಸಿಹಿ ಐತಲ್ಲೋ?” ಎಂದರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

ಮುಂದಿನ ಭಾನುವಾರ ಚಾಕು ತರಲೇ ಇಲ್ಲ. “ಬ್ಯಾಡ ಬಿಡು. ಇನ್ಮ್ಯಾಲೆ ನೀವೇ ಕೊಯ್ಕೊಳ್ರಿ.”

ಅಡುಗೆಮನೆಯಲ್ಲಿ ಅವರೊಬ್ಬರೇ ಇದ್ದಾಗ ನೋಟ್‌ಬುಕ್ ತೆರೆದು, ಜ್ವರದ ಹಿಂದಿನ ಪುಟ, ಮುಂದಿನ ಪುಟ ಎರಡನ್ನೂ ತೋರಿಸಿದೆ. ಬಹಳ ಹೊತ್ತು ನೋಡಿದರು.

“ಹಂಗಾದ್ರೆ ನಿಂಗೆ ಗೊತ್ತಿತ್ತು.”

“ಪುಸ್ತಕಕ್ಕೆ ಗೊತ್ತಿತ್ತು ಅತ್ತೆ. ನಂಗೆ ಈರುಳ್ಳಿ ದಿನ ಗೊತ್ತಾಯ್ತು.”

“ಡಾಕ್ಟ್ರು ವಾಸನೆ ತಿರುಗಿ ಬಂದ್ರೂ ಬರಬಹುದು ಅಂದಾರೆ. ನಿಮ್ಮಪ್ಪಗೆ ಹೇಳಬ್ಯಾಡ. ಕನಿಕರ ಪಡ್ತಾನೆ. ಅವ್ನು ನನ್ನ ಗೇಲಿ ಮಾಡಿದ್ರೇ ಚಂದ.”

(ಅಪ್ಪ ಕ್ರೀಡಾಪುಟ ಬಿಟ್ಟು ಬೇರೇನೂ ಓದುವುದಿಲ್ಲ. ಆ ಧೈರ್ಯದಿಂದಲೇ ಇದನ್ನೆಲ್ಲ ಪತ್ರಿಕೆಗೆ ಬರೆಯುತ್ತಿದ್ದೇನೆ!)

ನಿನ್ನೆ ಆನಗೋಡಿನಿಂದ ಅಪ್ಪನ ಸ್ನೇಹಿತರು ತಮ್ಮ ಹೊಲದ ಹಲಸಿನ ಹಣ್ಣು ಕಳಿಸಿದರು. ನಾನು ಹರಿಹರಕ್ಕೆ ಫೋನ್ ಮಾಡಿ, “ಚಾಕು ತರ್ರಿ ಅತ್ತೆ. ಮೂಗು ನಂದು, ಕೈ ನಿಮ್ದು” ಎಂದೆ. ಹಣ್ಣಾಗಿದ್ದರೆ ನಾನು ಒಮ್ಮೆ ಕೆಮ್ಮಬೇಕು ಎಂದು ಒಪ್ಪಂದವಾಯಿತು.

ಇವತ್ತು ಹಳೇ ಪೇಪರ್ ಹಾಸುವ ನೆಪದಲ್ಲಿ ಬಗ್ಗಿ ಮೂಸಿದೆ. ಕೆಮ್ಮಿದೆ. ಅತ್ತೆ ಕಣ್ಣು ಮುಚ್ಚಿ, ದೀರ್ಘವಾಗಿ ಮೂಸಿ, “ಈಗ್ಲೇ!” ಎಂದರು.

“ನೋಡ್ರಪ್ಪಾ, ಮೂಗು ರಿಪೇರಿ ಆತು!” ಎಂದು ಅಪ್ಪ ಕೂಗಿದರು. ಅತ್ತೆ ಅಂಗೈಗೆ, ಚಾಕುವಿಗೆ ಎಣ್ಣೆ ಸವರಿ ಹಣ್ಣನ್ನು ಸೀಳಿದರು. ಪರಿಮಳ ಬೀದಿಗೆ ಹೋಗಿ ಪಕ್ಕದ ಮನೆಯವರನ್ನು ಕರೆದುಕೊಂಡೇ ಬಂತು.

ತೊಳೆ ಬಿಡಿಸುತ್ತ ಅತ್ತೆ ಮೆಲ್ಲಗೆ ಕೇಳಿದರು. “ವಾಸನೆ ಹೆಂಗೈತೆ?”

“ಚೆನ್ನಾಗೈತೆ ಅತ್ತೆ.”

“ಅದು ನಂಗೂ ಗೊತ್ತು. ಹೆಂಗೈತೆ ಹೇಳು.”

ನೂರಾ ಹನ್ನೆರಡು ತೊಳೆ, ನಲವತ್ತು ನಿಮಿಷ: ಇಷ್ಟು ಲೆಕ್ಕ ನನ್ನಲ್ಲಿತ್ತು. ಅವರು ಕೇಳಿದ್ದಕ್ಕೆ ಒಂದೇ ಒಂದು ಮಾತೂ ಇರಲಿಲ್ಲ. ಅತ್ತೆ ಎಲ್ಲಕ್ಕಿಂತ ದೊಡ್ಡ ತೊಳೆ ಆರಿಸಿ ನನ್ನ ಕೈಗಿಟ್ಟರು.

“ಇರ್ಲಿ ಬಿಡು ತಂಗಿ. ನೀನು ಚೆನ್ನಾಗಿ ಉಸಿರು ಎಳ್ಕೊ. ನಾ ನೋಡ್ತೀನಿ.”

ಎಳೆದುಕೊಂಡೆ. ಅವರು ನೋಡುತ್ತಲೇ ಇದ್ದರು.

ಹಲಸಿನ ಹಣ್ಣಿನ ಪರಿಮಳವನ್ನು, ಅದನ್ನು ಕಳೆದುಕೊಂಡವರಿಗೆ ಹೇಗೆ ಹೇಳುವುದೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಎರಡು ಸಾಲು ಬರೆದು ತಿಳಿಸಿ. ಮುಂದಿನ ಭಾನುವಾರ ಅತ್ತೆ ಮತ್ತೆ ಕೇಳುತ್ತಾರೆ.