ಬೇಡವಾದ ವಾರ್ನಿಂಗುಗಳು

ತಪ್ಪು ಮಾಡಿದವನನ್ನು ಕಚೇರಿಗಳು ಹೇಗೋ ಸಹಿಸಿಕೊಳ್ಳುತ್ತವೆ. ತಪ್ಪಾಗುತ್ತದೆ ಎಂದು ಮೊದಲೇ ಹೇಳಿದವನನ್ನು ಸಹಿಸುವುದಿಲ್ಲ. ತೊಂಬತ್ತರ ದಶಕವನ್ನು ಅಹಮದಾಬಾದಿನ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕಳೆದ ನನಗೆ, ದೇವರ ದಯೆಯಿಂದ, ಈ ಸತ್ಯದ ದರ್ಶನ ಪದೇ ಪದೇ ಆಗಿದೆ.

ಅಪಶಕುನ

ಆಗ ಸೂರತ್ತಿನ ಉಧ್ನಾದ ಬಟ್ಟೆ ಗಿರಣಿಯೊಂದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದೆವು. ಆ ಕೆಲಸ ಕೈತಪ್ಪಿದರೆ ನಮ್ಮ ವಿಭಾಗಕ್ಕೆ ಬೀಗ, ನನಗೆ ಊರಿನ ರೈಲು. ನಾವು ಬರೆದದ್ದನ್ನು ಕಂಪ್ಯೂಟರ್ ಪರೀಕ್ಷಿಸಿ, ಪರದೆಯ ಕೆಳಗಡೆ ‘ವಾರ್ನಿಂಗ್’ ಎಂದು ಸಾಲುಸಾಲಾಗಿ ತೋರಿಸುತ್ತಿತ್ತು. ಸೀರೆ ವ್ಯಾಪಾರದಿಂದ ಈ ದಂಧೆಗೆ ಬಂದ ನಮ್ಮ ಶೇಠ್‌ಜೀ ಒಂದು ಬೆಳಿಗ್ಗೆ ಅದನ್ನು ಕಂಡರು.

“ಪ್ರೋಗ್ರಾಂ ಕೆಟ್ಟಿದೆಯೇನು, ಭಾಯಿ?”

“ಇಲ್ಲ ಶೇಠ್‌ಜೀ. ಕೆಡಬಹುದು ಅಂತ ಹೇಳ್ತಿದೆ.”

“ಬೆಳಗಾಗೆದ್ದು ಅಪಶಕುನ ನುಡಿಯೋದಕ್ಕೆ ಇದನ್ನು ಕೊಂಡೆನೇ? ಬಂದ್ ಮಾಡಿ!”

ಯಾವ ವಾರ್ನಿಂಗ್ ಬೇಕು, ಯಾವುದು ಬೇಡ ಎಂದು ಆರಿಸುವ ಸೌಕರ್ಯ ಅದರಲ್ಲೇ ಇತ್ತು. ಎಲ್ಲವನ್ನೂ ಬೇಡವೆಂದೆವು. ಪ್ರೋಗ್ರಾಮಿನ ಒಂದಕ್ಷರವೂ ಬದಲಾಗಲಿಲ್ಲ. ಗುಣಮಟ್ಟ ಸುಧಾರಿಸಿತೆಂದು ಶೇಠ್‌ಜೀ ಪೇಡಾ ಹಂಚಿದರು.

ವಡೋದರೆಯ ಮಡಿ

ಸುದ್ದಿ ಕೇಳಿ ನಮ್ಮ ವಡೋದರಾ ಶಾಖೆಯ ಮುಖ್ಯಸ್ಥರು ಕೆರಳಿದರು. ಪ್ರತಿಯೊಂದು ವಾರ್ನಿಂಗನ್ನೂ ತಪ್ಪೆಂದೇ ಎಣಿಸಿ ಕೆಲಸ ನಿಲ್ಲಿಸುವಂತೆ ತಮ್ಮ ಕಂಪ್ಯೂಟರುಗಳಿಗೆ ಕಟ್ಟಪ್ಪಣೆ ಮಾಡಿದರು. ಮಡಿಯುಟ್ಟ ನಮ್ಮ ಸೋದರತ್ತೆಯೂ ಇಷ್ಟು ಸಲ “ದೂರ ಸರಿ” ಎಂದವರಲ್ಲ.

ಮೀಟಿಂಗಿನಲ್ಲಿ ಅವರು ಎದೆಯುಬ್ಬಿಸಿ, “ನಮ್ಮಲ್ಲಿಂದ ತಪ್ಪಿರುವ ಒಂದು ಪ್ರೋಗ್ರಾಮೂ ಹೊರಗೆ ಹೋಗಿಲ್ಲ” ಎಂದರು.

“ತಪ್ಪಿಲ್ಲದ್ದು?” ಎಂದು ಶೇಠ್‌ಜೀ ಕೇಳಿದರು.

“ಅದೂ ಹೋಗಿಲ್ಲ.”

ಶುಭ–ಲಾಭ

ಇನ್ನು ಎರಡೂ ಕಡೆ ವಾರ್ನಿಂಗುಗಳು ಮೊದಲಿನಂತೆ ಕಾಣಲಿ, ಕೆಲಸ ಮಾತ್ರ ನಿಲ್ಲದಿರಲಿ ಎಂದು ಶೇಠ್‌ಜೀ ತೀರ್ಪು ಕೊಟ್ಟರು. ಅಷ್ಟರಲ್ಲಿ ದೀಪಾವಳಿ ಬಂತು. ಅವರು ಕಂಪ್ಯೂಟರಿಗೆ ಆರತಿ ಎತ್ತಿ, ಪರದೆಯ ಕೆಳಭಾಗಕ್ಕೆ ಅಡ್ಡಡ್ಡ ‘ಶುಭ–ಲಾಭ’ದ ಚೀಟಿ ಅಂಟಿಸಿಬಿಟ್ಟರು. ಪೂಜೆ ಮಾಡಿ ಅಂಟಿಸಿದ್ದನ್ನು ಕೀಳುವುದು ನಮ್ಮ ಮನೆತನದಲ್ಲಿ ಇಲ್ಲ.

ಪ್ರೋಗ್ರಾಂ ತೋರಿಸಲು ಆ ಕಂಪ್ಯೂಟರನ್ನೇ ಉಧ್ನಾಕ್ಕೆ ಒಯ್ದೆವು. ಗಿರಣಿಯ ಮಾಲೀಕರು, “ಹರಿದ ಬಟ್ಟೆಯನ್ನು ಲೆಕ್ಕದಿಂದ ಕಳೆಯಬೇಕು, ಈಗಲೇ ಮಾಡಿ ತೋರಿಸಿ” ಎಂದರು. ನಾನು ಅವಸರದಲ್ಲಿ ಎರಡು ಸಾಲು ಸೇರಿಸಿದೆ.

ಶೇಠ್‌ಜೀ ಪರದೆಯತ್ತ ಕೈ ಚಾಚಿ, “ನೋಡಿ, ಒಂದು ವಾರ್ನಿಂಗೂ ಇಲ್ಲ! ನಮ್ಮ ಕೆಲಸ ಅಂದರೆ ಹೀಗೆ” ಎಂದರು.

ಗಿರಣಿಯಲ್ಲಿ ಇರುವ ಬಟ್ಟೆ ಸೊನ್ನೆಗಿಂತ ಸಾವಿರಾರು ಮೀಟರ್ ಕಡಿಮೆ ಎಂದು ಪರದೆ ಹೇಳಿತು.

“ಅಂದರೆ ನನ್ನ ಮೈಮೇಲಿನ ಅಂಗಿಯೂ ನನ್ನದಲ್ಲ” ಎಂದರು ಮಾಲೀಕರು. ಆಮೇಲೆ ಬಗ್ಗಿ, ಚೀಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿದರು. ಹರಿದ ಬಟ್ಟೆ ಎಷ್ಟೆಂದು ನಾನು ತುಂಬಿಸಿಯೇ ಇಲ್ಲ, ಆ ಜಾಗದಲ್ಲಿ ಯಾವುದೋ ಹಳೆಯ ಕಸದ ಸಂಖ್ಯೆ ಇದ್ದೀತು ಎನ್ನುವ ವಾರ್ನಿಂಗ್ ಅಡಿಯಲ್ಲಿ ತೆಪ್ಪಗೆ ಕೂತಿತ್ತು. ನನ್ನ ಕಣ್ಣ ಮುಂದೆ ಊರಿನ ರೈಲು ಹಾದುಹೋಯಿತು.

ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಯಂತ್ರ ನಿಯತ್ತಿನದು. ಕೆಲಸ ನಿಮಗೇ ಕೊಡ್ತೇನೆ, ಶೇಠ್. ಚೀಟಿ ಮಾತ್ರ ನಿಮ್ಮ ಬಾಯಿಗೆ ಅಂಟಿಸಿಕೊಳ್ಳಿ.”

ಮರಳುವ ರೈಲಿನಲ್ಲಿ ಶೇಠ್‌ಜೀ ಕಿತ್ತುಬಂದ ಚೀಟಿಯನ್ನು ತಿರುತಿರುಗಿಸಿ ನೋಡಿದರು. ಬುದ್ಧಿ ಬಂತೆಂದು ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

ಕೊನೆಗೆ ಅವರು ಭಕ್ತಿಯಿಂದ ಹೇಳಿದರು: “ಚೀಟಿಯ ಮಹಿಮೆ ನೋಡಿದೆಯಾ, ಭಾಯಿ? ನಾಳೆ ಪೂರ್ತಿ ಪರದೆಗಾಗುವಷ್ಟು ದೊಡ್ಡದು ತರಿಸು.”