ಪಾಲಯ್ಯನ ತಾಳ್ಮೆ ಪೈಪು

ಬೋರಮ್ಮ ನೆಲದಲ್ಲಿ ಹರಡಿದ್ದ ಎಣ್ಣೆಯ ಮೇಲೆ ಶೇಂಗಾ ಹೊಟ್ಟು ಸುರಿದು ಮೋಟು ಪೊರಕೆಯಿಂದ ಉಜ್ಜುತ್ತಿದ್ದಳು. ಈ ಬೇಸಿಗೆಯಲ್ಲಿ ಇದು ಮೂರನೆಯ ಸಲ! ಅಷ್ಟರಲ್ಲಿ ಅವಳ ಅಣ್ಣ ಪಾಲಯ್ಯ ಹೆಗಲ ಮೇಲೆ ಏನನ್ನೋ ಹೊತ್ತು ಓಡಿಬಂದ.

“ಬೋರಿ, ಪೊರಕೆ ಬಿಸಾಕು! ಇನ್ನು ಜನ್ಮದಾಗೆ ಈ ಕೆಲಸ ಇಲ್ಲ ನಿಂಗೆ!”

“ಹೋದ ವರ್ಷಾನೂ ಹಿಂಗೇ ಅಂದಿದ್ದೆ. ಮೊದ್ಲು ಕಾಲೆತ್ತಣ್ಣ, ಎಣ್ಣೆ ಮ್ಯಾಲೆ ನಿಂತಿದೀಯ.”

ಚಳ್ಳಕೆರೆಯ ಆ ಎಣ್ಣೆ ಮಿಲ್ಲಿನಲ್ಲಿ ಪಾಲಯ್ಯ ಫಿಟ್ಟರು, ಬೋರಮ್ಮ ಪಂಪು ನೋಡಿಕೊಳ್ಳುವವಳು. ಅಲ್ಲೊಂದು ಪದ್ಧತಿಯಿತ್ತು. ಊಟದ ಗಂಟೆ ಹೊಡೆದರೆ ಟ್ಯಾಂಕಿನ ಕಡೆಯ ವಾಲ್ವನ್ನೂ ಡಬ್ಬ ತುಂಬುವ ಕಡೆಯ ವಾಲ್ವನ್ನೂ ಬಿಗಿದು, ಎರಡಕ್ಕೂ ಕೈಮುಗಿದೇ ಬುತ್ತಿ ಬಿಚ್ಚಬೇಕು. ತೆರೆದಿಟ್ಟು ಉಂಡರೆ ಲಕ್ಷ್ಮಿ ಹರಿದುಹೋಗುತ್ತಾಳೆಂದು ಹಳೇ ಯಜಮಾನರ ತಾಯಿ ಹೇಳಿದ್ದರಂತೆ. ನಡುವೆ ಸಿಕ್ಕಿಕೊಂಡ ಎಣ್ಣೆಯ ಪಾಡೇನೆಂದು ಯಾರೂ ಕೇಳಿರಲಿಲ್ಲ. ಅಂಗಳದ ಬಿಸಿಲಿಗೆ ಪೈಪು ಕಾಯುತ್ತದೆ, ಒಳಗಿನ ಎಣ್ಣೆ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲ. ಒತ್ತಡ ಏರಿ ಏರಿ ಕೊನೆಗೆ ವಾಷರು ಹಾರಿ ಎಣ್ಣೆ ಚಿಮ್ಮುತ್ತದೆ.

ಇದಕ್ಕೆ ಹೆಬ್ಬೆರಳುದ್ದದ ರಿಲೀಫ್ ವಾಲ್ವೊಂದು ಸಾಕು. ಒತ್ತಡ ಮೀರಿದಾಗ ತಾನೇ ತೆರೆದುಕೊಂಡು ನಾಲ್ಕು ತೊಟ್ಟು ಎಣ್ಣೆಯನ್ನು ಟ್ಯಾಂಕಿಗೆ ಮರಳಿಸುತ್ತದೆ. ಅದನ್ನು ಕಳಿಸಿಕೊಡಿ ಎಂದು ಬೋರಮ್ಮ ಹೆಡ್ಡಾಫೀಸಿಗೆ ಕಾಗದ ಬರೆದಿಟ್ಟು ನಾಲ್ಕು ವರ್ಷವಾಗಿತ್ತು. ಫಿಟ್ಟರ್ ಸಹಿಯಿಲ್ಲದ ಕಾಗದವನ್ನು ಅಲ್ಲಿ ಓದುವುದಿಲ್ಲ. ಫಿಟ್ಟರ್ ಸಹಿ ಹಾಕುವುದಿಲ್ಲ!

“ಇವತ್ತಾದ್ರೂ ಹಾಕಣ್ಣ. ಮಧ್ಯಾಹ್ನ ಇನ್‌ಸ್ಪೆಕ್ಟರ್ ಬರ್ತಾರೆ. ಮತ್ತೆ ಎಣ್ಣೆ ಚಿಮ್ಮಿದ್ದು ಕಂಡ್ರೆ ಮಿಲ್ಲಿಗೇ ಬೀಗ ಅಂದಿದಾರೆ. ಹತ್ತೊಂಬತ್ತು ಜನ ಎಲ್ಲಿಗೆ ಹೋಗೋಣ?”

“ಅಂಗಡಿ ವಾಲ್ವು ತರ್ಸೋಕೆ ನಾನೇನು ಸತ್ತೋಗಿದೀನಾ? ನೋಡಿಲ್ಲಿ, ತಾಳ್ಮೆ ಪೈಪು!”

ಟ್ರ್ಯಾಕ್ಟರ್ ಟ್ಯೂಬು, ಜಾಲಿ ಅಂಟು, ಯಾರಿಗೂ ಹೇಳದ ಒಂದು ನೀಲಿ ಪುಡಿ, ಎಲ್ಲವನ್ನೂ ಕುದಿಸಿ ಎರೆದ ಕೊಳವೆ ಅದು. ಮೇಲೆ ಕೆಟ್ಟುಹೋದ ತೂಕದ ಯಂತ್ರದ ಸರ್ಕ್ಯೂಟನ್ನು ಕಿತ್ತು ಕೂರಿಸಿದ ಮಿದುಳು ಬೇರೆ!

“ಎಲ್ಲೇ ಆಗ್ಲಿ, ಮುಚ್ಚಿದ ಜಾಗದಾಗೆ ನೀರೋ ಎಣ್ಣೆಯೋ ಕಾದ್ರೆ ಇದಕ್ಕೆ ಗೊತ್ತಾಗ್ತದೆ. ಹಿಗ್ಗಿ ಜಾಗ ಕೊಡ್ತದೆ. ತಣ್ಣಗಾದ್ರೆ ತಗೊಂಡಿದ್ದು ವಾಪಸ್!”

“ಎಲ್ಲೇ ಆಗ್ಲಿ ಅಂದ್ರೆ?”

“ಎಲ್ಲೇ ಆಗ್ಲಿ ಅಂದ್ರೆ ಎಲ್ಲೇ ಆಗ್ಲಿ!”

ಬೋರಮ್ಮನಿಗೆ ಅರ್ಥವಾಗಲಿಲ್ಲ. ಅರ್ಥವಾಗದೆಯೇ ಸ್ವಲ್ಪ ಹೆದರಿಕೆಯಾಯಿತು.

ಪಾಲಯ್ಯ ಅದನ್ನು ಎಣ್ಣೆ ಪೈಪಿಗೆ ಟೊಂಗೆಯಂತೆ ಜೋಡಿಸಿದ. ಊಟದ ಗಂಟೆ ಹೊಡೆಯಿತು. ಎರಡೂ ವಾಲ್ವು ಬಿಗಿದರು, ಕೈಮುಗಿದರು. ಬಿಸಿಲೇರಿದಂತೆ ತಾಳ್ಮೆ ಪೈಪು ಹಲಸಿನಕಾಯಿಯಂತೆ ಉಬ್ಬಿತು. ಒಂದು ತೊಟ್ಟೂ ಚಿಮ್ಮಲಿಲ್ಲ! ಎಲ್ಲರೂ ಚಪ್ಪಾಳೆ ತಟ್ಟಿದರು. ಬೋರಮ್ಮನೂ ತಟ್ಟಿದಳು.

ಆಗ ಪೈಪಿನ ತುದಿಯಲ್ಲೊಂದು ಸೊಂಡಿಲು ಮೂಡಿತು.

ಅದು ಗಾಳಿಯನ್ನು ಮೂಸಿ ನೋಡಿ, ಸರಸರನೆ ಕ್ಯಾಂಟೀನಿಗೆ ಹರಿದು, ಒಗ್ಗರಣೆ ಹಾಕಿದ ಸಾರು ಕುದಿಯುತ್ತಿದ್ದ ಕುಕ್ಕರಿಗೆ ಬಾಯಿ ಹಚ್ಚಿತು.

“ಪಾಲಯ್ಯಣ್ಣಾ, ನಿನ್ನ ಹಾವು ನನ್ನ ಸಾರು ಕುಡೀತು!” ಎಂದು ಅಡುಗೆಯ ಗಂಗಕ್ಕ ಸೌಟು ಹಿಡಿದು ಈಚೆ ಓಡಿಬಂದಳು.

“ಕುಡೀಲಿಲ್ಲ ಗಂಗಕ್ಕ, ಜಾಗ ಕೊಡ್ತು!”

ಅದೇ ಹೊತ್ತಿಗೆ ಇನ್‌ಸ್ಪೆಕ್ಟರ್ ಓಂಕಾರಸ್ವಾಮಿಯವರ ಜೀಪು ಹೊಗೆಯಾಡುತ್ತ ಗೇಟಿನೊಳಗೆ ಬಂದಿತು. ಅವರು ಕೆಳಗಿಳಿಯುವುದರೊಳಗೆ ಸೊಂಡಿಲು ಬಾನೆಟ್ಟಿನಡಿ ನುಗ್ಗಿ ರೇಡಿಯೇಟರಿಗೆ ಬಾಯಿಟ್ಟಿತು. ಗುಟುಕ್, ಗುಟುಕ್!

“ಏನ್ರೀ ಇದು?”

“ತಾಳ್ಮೆ ಪೈಪು ಸಾರ್.”

“ನನ್ನ ಜೀಪಿನ ಮೇಲೆ ಯಾಕ್ರೀ ಇದರ ತಾಳ್ಮೆ?”

ಎಣ್ಣೆ, ಸಾರು, ನೀರು ತುಂಬಿಕೊಂಡ ಪೈಪು, ಬುಡ ಎಣ್ಣೆ ಪೈಪಿಗೇ ಅಂಟಿದ್ದಂತೆಯೇ, ಎಮ್ಮೆಗಾತ್ರವಾಗಿ ತಮ್ಮತ್ತಲೇ ಉರುಳುವುದನ್ನು ಕಂಡು ಪಾಲಯ್ಯ, ಬೋರಮ್ಮ, ಓಂಕಾರಸ್ವಾಮಿ ಮೂವರೂ ಆಫೀಸಿನೊಳಗೆ ಓಡಿದರು. ಅದು ಆಫೀಸಿಗೆ ಎರಡು ಸುತ್ತು ಸುತ್ತಿ ಬಾಗಿಲನ್ನು ಒತ್ತಿ ಮಲಗಿತು. ಸೊಂಡಿಲು ಕಿಟಕಿಯಲ್ಲಿ ಇಣುಕಿತು. ಇನ್‌ಸ್ಪೆಕ್ಟರು ಟೀ ಫ್ಲಾಸ್ಕನ್ನು ಎದೆಗವಚಿಕೊಂಡರು.

“ಅದಕ್ಕೇ ಬಂದಿದೆ! ಬೇಗ ಕುಡಿದುಬಿಡಿ ಸಾರ್!” ಎಂದಳು ಬೋರಮ್ಮ. ಮೂವರೂ ನಾಲಿಗೆ ಸುಟ್ಟುಕೊಂಡು ಫ್ಲಾಸ್ಕು ಖಾಲಿ ಮಾಡಿದರು.

ಬೋರಮ್ಮ ಕಿಟಕಿಯಿಂದ ಕೂಗಿದಳು: “ಓಬಳೇಶಾ! ಟ್ಯಾಂಕಿನ ಕಡೆ ವಾಲ್ವು ಬಿಚ್ಚೋ! ಎಣ್ಣೆಗೆ ದಾರಿ ಸಿಕ್ರೆ ಇದಕ್ಕೆ ಕೆಲಸ ಇರಲ್ಲ!”

ಅಂಗಳದಲ್ಲಿ ಮುದ್ದೆ ನುಂಗುತ್ತಿದ್ದ ಮಿಲ್ಲಿನ ಆಳು ಓಬಳೇಶ ತಲೆ ಕೆರೆದುಕೊಂಡ. “ಊಟ ಮುಗಿಯೋಕ್ ಮುಂಚೆ ಬಿಚ್ಚಬಾರ್ದಲ್ವಾ ಬೋರಕ್ಕ?”

“ಹಂಗಾದ್ರೆ ಬೇಗ ನುಂಗೋ ಮಾರಾಯ!”

ಅವನು ಎರಡು ಮುದ್ದೆ ಮುಗಿಸಿ, ಕೈ ತೊಳೆದು, ವಾಲ್ವಿಗೆ ಕೈಮುಗಿದು ತಿರುಗಿಸಿದ. ಪೈಪು ದೊಡ್ಡದಾಗಿ ನಿಟ್ಟುಸಿರು ಬಿಟ್ಟಿತು. ಎಣ್ಣೆಯನ್ನು ಟ್ಯಾಂಕಿಗೆ ಸರಿಯಾಗಿಯೇ ಒಪ್ಪಿಸಿತು. ಉಳಿದದ್ದರಲ್ಲಿ ಮಾತ್ರ ಅದಕ್ಕೂ ಗೊಂದಲವಾಯಿತು. ರೇಡಿಯೇಟರಿನ ನೀರು ಕುಕ್ಕರಿಗೆ, ಸಾರು ಜೀಪಿಗೆ!

“ನೋಡಿದ್ರಾ ಸಾರ್? ಒಂದು ತೊಟ್ಟು ಎಣ್ಣೆ ಚೆಲ್ಲಿಲ್ಲ!” ಎಂದ ಪಾಲಯ್ಯ.

ಓಂಕಾರಸ್ವಾಮಿ ವರದಿ ಪುಸ್ತಕ ಬಿಚ್ಚಿದರು, ಮುಚ್ಚಿದರು, ಮತ್ತೆ ಬಿಚ್ಚಿದರು. “ಎಣ್ಣೆ ಚಿಮ್ಮಿಲ್ಲ, ನಿಜ. ಜೀಪಿಗೆ ಸಾರು ತುಂಬಿದ್ದನ್ನ ಯಾವ ಕಾಲಮ್ಮಿಗೆ ಬರೀಲಿ? ರಿಲೀಫ್ ವಾಲ್ವಿಗೆ ಬರೆದಿದೀರಾ, ಇಲ್ವಾ? ಬರೆದಿದ್ರೆ ಹದಿನೈದು ದಿನ ಕೊಡ್ತೀನಿ. ಇಲ್ದಿದ್ರೆ ಈಗ್ಲೇ ಬೀಗ.”

ಬೋರಮ್ಮ ಆ ಹಳೇ ಕಾಗದವನ್ನು ಮೇಜಿನ ಮೇಲಿಟ್ಟಳು. ಪಾಲಯ್ಯ ಒಮ್ಮೆ ಹೊರಗೆ ಬಾಡಿ ಬಿದ್ದಿದ್ದ ತನ್ನ ಪೈಪನ್ನು ನೋಡಿದ. ಅದರಾಚೆ, ತುತ್ತು ಕೈಯಲ್ಲೇ ಹಿಡಿದು ಆಫೀಸಿನತ್ತ ನೋಡುತ್ತಿದ್ದ ಜನರನ್ನು ನೋಡಿದ. ಮೂಗೇರಿಸಿಕೊಂಡೇ ಪೆನ್ನು ತೆಗೆದುಕೊಂಡ.

“ಸಣ್ಣ ವಾಲ್ವು ಅಂತ ಬರಿ. ನಂದಕ್ಕಿಂತ ದೊಡ್ಡದು ಬಂದ್ರೆ ನಾನ್ ಹಾಕಲ್ಲ.”

“ಹೆಬ್ಬೆರಳುದ್ದ ಅಂತಾನೇ ಇದೆ. ಹಾಕಣ್ಣ.”

ಅವನು ಸಹಿ ಹಾಕಿದ. ಜೀಪು ಒಗ್ಗರಣೆಯ ಘಮಲು ಬಿಡುತ್ತ ಗೇಟು ದಾಟಿತು. ಬೋರಮ್ಮ ಕಾಗದದ ಮೇಲೆ ವರ್ಷಕ್ಕೊಂದರಂತೆ ಬರೆದಿದ್ದ ತಾರೀಕುಗಳಲ್ಲಿ ನಾಲ್ಕನೆಯದನ್ನೂ ಹೊಡೆದುಹಾಕಿ ಅಂದಿನದನ್ನು ಬರೆದಳು. ಲಕೋಟೆಗೆ ಅಂಟು ಹಚ್ಚಿ, ಅಣ್ಣ ಮನಸ್ಸು ಬದಲಿಸುವ ಮುಂಚೆ ಬಿರಬಿರನೆ ನಡೆದು ಪೋಸ್ಟಾಫೀಸಿನ ಕೆಂಪು ಡಬ್ಬಿಗೆ ಹಾಕಿದಳು.

ಹಿಂದೆಯೇ ಏದುಸಿರುಬಿಡುತ್ತ ಬಂದ ಪಾಲಯ್ಯ ಕೇಳಿದ: “ಉತ್ತರ ಬರೋಕೆ ಎಷ್ಟು ದಿನ ಆಗ್ತದೆ?”

“ನಿನ್ನ ಸಹಿಗಿಂತ ಬೇಗ ಬರ್ತದೆ ಬಿಡಣ್ಣ.”